ಯಾವ ಕಾನೂನಿನ ಮೇರೆಗೆ? : ಆರೋಪವಿಲ್ಲದ ಬಂಧನ ಮತ್ತು ಕಾರ್ಯಾಂಗದ ಎಲ್ಲೆ



ನಿಮ್ಮ ಬೀದಿಯ ಒಬ್ಬರನ್ನು ರಾತ್ರಿ ಹೊತ್ತು ಪೊಲೀಸರು ಬಂದು ಕರೆದುಕೊಂಡು ಹೋದರೆಂದು ಭಾವಿಸಿರಿ. ಬೆಳಗಾಗುವಷ್ಟರಲ್ಲಿ ಆ ಮನೆಯವರು ಕೇಳುವ ಪ್ರಶ್ನೆಗಳು ಯಾವುವು? ಎಲ್ಲಿ ಇಟ್ಟಿದ್ದಾರೆ? ಏನು ತಪ್ಪು ಮಾಡಿದರಂತೆ? ಯಾವ ಕಾನೂನಿನ ಮೇರೆಗೆ ಹಿಡಿದಿದ್ದಾರೆ? ಯಾವಾಗ ಬಿಡುತ್ತಾರೆ? ಈ ನಾಲ್ಕು ಪ್ರಶ್ನೆ ಕೇಳುವುದಕ್ಕೆ ಕಾನೂನಿನ ಪದವಿ ಬೇಕಾಗಿಲ್ಲ. ಅಕ್ಷರ ಬಾರದ ತಾಯಿಯೂ ಠಾಣೆಯ ಮುಂದೆ ನಿಂತು ಕೇಳುವ ಪ್ರಶ್ನೆಗಳೇ ಇವು. ಇವುಗಳಿಗೆ ಉತ್ತರ ಕೊಡಲೇಬೇಕಾದ ಹೊಣೆ ಸರ್ಕಾರದ ಮೇಲೆ ಇದ್ದರೆ ಅದು ಕಾನೂನಿನ ಆಳ್ವಿಕೆ. ಆ ಹೊಣೆ ಇಲ್ಲದಿದ್ದರೆ, ಹೆಸರು ಏನೇ ಇರಲಿ, ಅದು ವ್ಯಕ್ತಿಗಳ ಆಳ್ವಿಕೆ. ಇಂದಿನ ಮಾತಿನಲ್ಲಿ ನಮ್ಮ ದೇಶದ ಅನುಭವವನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಸಾಮಾನ್ಯ ಬಂಧನದ ಕ್ರಮವನ್ನು ತಿಳಿಯೋಣ. ನಮ್ಮ ಸಂವಿಧಾನದ 22ನೆಯ ವಿಧಿ ಈ ಬಗ್ಗೆ ಸ್ಪಷ್ಟವಾಗಿದೆ. ಬಂಧಿಸಿದ ವ್ಯಕ್ತಿಗೆ ಬಂಧನದ ಕಾರಣವನ್ನು ತಿಳಿಸಬೇಕು. ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸಲು ಅವಕಾಶ ಕೊಡಬೇಕು. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳ ಒಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಮುಂದೆ ಆತನನ್ನು ಸೆರೆಯಲ್ಲಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಪೊಲೀಸರಲ್ಲ, ನ್ಯಾಯಾಧೀಶರು. ತನಿಖೆ ಎಳೆಯುತ್ತ ಹೋಗುವಂತೆಯೂ ಇಲ್ಲ. ಅಪರಾಧದ ಗುರುತ್ವವನ್ನು ನೋಡಿಕೊಂಡು 60 ಅಥವಾ 90 ದಿನಗಳ ಒಳಗೆ ಆರೋಪಪಟ್ಟಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ನಿಯಮ ಉಳಿದುಕೊಂಡಿದೆ. ಕೆಲವು ವಿಶೇಷ ಕಾಯ್ದೆಗಳಲ್ಲಿ ಈ ಅವಧಿ ಹೆಚ್ಚಾಗಬಹುದು. ಆದರೆ ಅಲ್ಲಿಯೂ ನ್ಯಾಯಾಲಯದ ಕಣ್ಣಿಗೆ ಬೀಳದೆ ಸೆರೆ ಮುಂದುವರಿಯುವಂತಿಲ್ಲ.

ಇದೆಲ್ಲವೂ ಆಗಿಹೋದ ಅಪರಾಧಕ್ಕೆ ಸಂಬಂಧಿಸಿದ್ದು. ಕಳ್ಳತನವಾಗಿದೆ, ಕೊಲೆಯಾಗಿದೆ, ಮಾಡಿದವರು ಯಾರೆಂದು ಸಾಕ್ಷಿಗಳ ಮೂಲಕ ಸಾಬೀತುಪಡಿಸಬೇಕು. ಆದರೆ ಇನ್ನೊಂದು ಬಗೆಯ ಬಂಧನವೂ ಇದೆ. ಈತ ನಾಳೆ ಏನೋ ಮಾಡಬಹುದು, ಆದ್ದರಿಂದ ಇಂದೇ ಒಳಗಿಡಬೇಕು ಎಂಬುದು ಅದರ ತರ್ಕ. ಇದನ್ನು ಮುನ್ನೆಚ್ಚರಿಕೆಯ ಬಂಧನ ಎನ್ನುತ್ತಾರೆ. ಇಲ್ಲಿ ಆರೋಪವಿಲ್ಲ, ಆರೋಪಪಟ್ಟಿಯೂ ಇಲ್ಲ. ವಿಚಾರಣೆ ಇಲ್ಲ, ಶಿಕ್ಷೆಯೂ ಇಲ್ಲ. ಆದರೂ ವ್ಯಕ್ತಿ ಜೈಲಿನಲ್ಲಿರುತ್ತಾನೆ. ಅವನನ್ನು ಅಲ್ಲಿಗೆ ಕಳುಹಿಸುವುದು ನ್ಯಾಯಾಧೀಶರ ತೀರ್ಪಲ್ಲ. ಜಿಲ್ಲಾಧಿಕಾರಿಯೋ ಪೊಲೀಸ್ ಕಮಿಷನರೋ ಸರ್ಕಾರದ ಕಾರ್ಯದರ್ಶಿಯೋ ಸಹಿ ಹಾಕಿದ ಒಂದು ಆದೇಶ. 24 ಗಂಟೆಯ ನಿಯಮ ಇದಕ್ಕೆ ಅನ್ವಯಿಸುವುದಿಲ್ಲವೆಂದು ಅದೇ 22ನೆಯ ವಿಧಿ ಹೇಳುತ್ತದೆ. ಯುದ್ಧ ಕಾಲಕ್ಕಷ್ಟೇ ಮೀಸಲಿಡದೆ, ಶಾಂತಿಯ ಕಾಲದಲ್ಲಿಯೂ ಇಂತಹ ಬಂಧನಕ್ಕೆ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ ಎಡೆಮಾಡಿಕೊಟ್ಟಿರುವುದು ನಮ್ಮ ಸಂವಿಧಾನದ ಒಂದು ವಿಚಿತ್ರ ಸಂಗತಿ.

ಈ ಅಧಿಕಾರ ನಮ್ಮಲ್ಲಿಗೆ ಬಂದದ್ದು ಎಲ್ಲಿಂದ? ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ. 1818ರ ಬಂಗಾಳ ರೆಗ್ಯುಲೇಷನ್ 3 ಎಂಬ ನಿಯಮ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ರಾಜ್ಯಬಂದಿಯಾಗಿ ಇಡುವ ಅಧಿಕಾರವನ್ನು ಕೊಟ್ಟಿತು. ಅದು ಹುಟ್ಟಿ ಸುಮಾರು 90 ವರ್ಷಗಳಾದ ಮೇಲೆ, 1907ರಲ್ಲಿ, ಲಾಲಾ ಲಜಪತರಾಯರನ್ನು ಅದೇ ನಿಯಮದ ಮೇರೆಗೆ ಹಿಡಿದು ಬರ್ಮಾದ ಮಾಂಡಲೆಗೆ ಗಡೀಪಾರು ಮಾಡಿದರು. 1919ರಲ್ಲಿ ರೌಲಟ್ ಕಾಯ್ದೆ ಬಂದಾಗ ವಕೀಲನಿಲ್ಲ, ವಾದವಿಲ್ಲ, ಅಪೀಲಿಲ್ಲ ಎಂದು ಜನರು ಅದನ್ನು ಮೂರೇ ಮಾತಿನಲ್ಲಿ ಬಣ್ಣಿಸಿದರು. ಆ ಕಾಯ್ದೆಯ ವಿರುದ್ಧ ಎದ್ದ ಚಳವಳಿಯ ನಡುವೆಯೇ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ.

ಹಾಗಾದರೆ ಇಂತಹ ಕಾನೂನುಗಳಿಂದಲೇ ಜೈಲು ಕಂಡ ನಾಯಕರು ಸ್ವತಂತ್ರ ಭಾರತದ ಸಂವಿಧಾನದಲ್ಲಿ ಅದಕ್ಕೆ ಏಕೆ ಜಾಗ ಕೊಟ್ಟರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರ ಕಾಲವನ್ನೂ ನಾವು ನೆನೆಯಬೇಕು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಗಾಂಧೀಜಿಯವರ ಹತ್ಯೆ ನಡೆದಿತ್ತು. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆಯುತ್ತಿತ್ತು. ಕೇವಲ ಸಾಕ್ಷಿ ಪುರಾವೆಗಳನ್ನು ನಂಬಿಕೊಂಡು ಕುಳಿತರೆ ರಾಷ್ಟ್ರವೇ ಉಳಿಯುತ್ತದೆಯೇ ಎಂಬ ಆತಂಕ ಅವರಿಗಿತ್ತು. ಜೊತೆಗೆ 21ನೆಯ ವಿಧಿಯನ್ನು ರೂಪಿಸುವಾಗ ಸಂವಿಧಾನ ಸಭೆ, ಕಾನೂನು ಹೇಳಿದ ಕ್ರಮವನ್ನು ಅನುಸರಿಸಿದರೆ ಸಾಕು ಎಂಬರ್ಥದ ಪದಗಳನ್ನು ಆರಿಸಿಕೊಂಡಿತ್ತು. ಇದರಿಂದ ಆದ ಕೊರತೆಯನ್ನು ತುಂಬಿಕೊಡುವ ಸಲುವಾಗಿ 1949ರ ಸೆಪ್ಟೆಂಬರಿನಲ್ಲಿ ಡಾ. ಅಂಬೇಡ್ಕರ್ ಅವರು ಒಂದು ಹೊಸ ವಿಧಿಯನ್ನು ಮಂಡಿಸಿದರು. ಇಂದಿನ 22ನೆಯ ವಿಧಿ ಅದೇ. ಮುನ್ನೆಚ್ಚರಿಕೆಯ ಬಂಧನವನ್ನು ಪೂರ್ತಿ ನಿಷೇಧಿಸಲು ಆಗದಿದ್ದರೆ ಅದಕ್ಕೆ ಬೇಲಿಯನ್ನಾದರೂ ಹಾಕೋಣ ಎಂಬುದು ಅದರ ಹಿಂದಿನ ವಿಚಾರ.

ಆ ಬೇಲಿ ಯಾವುದು? ಮೂರು ಅಂಶಗಳನ್ನು ನೆನಪಿನಲ್ಲಿಡಿ. ಒಂದು, ಬಂಧನದ ಆಧಾರಗಳನ್ನು ಆದಷ್ಟು ಬೇಗ ಬಂಧಿತನಿಗೆ ತಿಳಿಸಬೇಕು. ಎರಡು, ಆ ಆಧಾರಗಳು ಸರಿಯಲ್ಲವೆಂದು ಸರ್ಕಾರಕ್ಕೆ ಮನವಿ ಸಲ್ಲಿಸಲು ಅವನಿಗೆ ಬೇಗನೆ ಅವಕಾಶ ಕೊಡಬೇಕು. ಮೂರು, 3 ತಿಂಗಳಿಗಿಂತ ಹೆಚ್ಚು ಕಾಲ ಇಡಬೇಕಾದರೆ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿರುವ, ಆಗಿದ್ದ ಅಥವಾ ಆಗುವ ಅರ್ಹತೆಯುಳ್ಳವರ ಸಲಹಾ ಮಂಡಳಿ ಇದಕ್ಕೆ ಸಾಕಷ್ಟು ಕಾರಣವಿದೆ ಎಂದು ಹೇಳಬೇಕು. ಬೇಲಿಯಲ್ಲಿ ಕಂಡಿಗಳೂ ಇವೆ. ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ತೋರಿದ ಸಂಗತಿಗಳನ್ನು ಸರ್ಕಾರ ಬಚ್ಚಿಡಬಹುದು. ಆದರೂ ಈ ಮೂರು ಅಂಶಗಳ ಒಳಗೆ ಒಂದೇ ತತ್ತ್ವ ಅಡಗಿದೆ: ಬಂಧಿಸುವವನು ಕಾರಣ ಹೇಳಬೇಕು, ಆ ಕಾರಣವನ್ನು ಇನ್ನೊಬ್ಬರು ಪರೀಕ್ಷಿಸಬೇಕು.

ಸಂವಿಧಾನ ಜಾರಿಗೆ ಬಂದ ಒಂದೇ ತಿಂಗಳಿಗೆ, 1950ರ ಫೆಬ್ರವರಿಯಲ್ಲಿ, ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂದಿತು. ಮದ್ರಾಸಿನ ಜೈಲಿನಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆ ವರ್ಷದ ಮೇ ತಿಂಗಳಿನಲ್ಲಿ ಬಂದ ತೀರ್ಪಿನಲ್ಲಿ ಬಹುಮತದ ನ್ಯಾಯಮೂರ್ತಿಗಳು ಕಾಯ್ದೆಯನ್ನು ಎತ್ತಿಹಿಡಿದರು. ಆದರೆ ಅದರ 14ನೆಯ ಪ್ರಕರಣವನ್ನು ರದ್ದುಪಡಿಸಿದರು. ಬಂಧನದ ಆಧಾರಗಳನ್ನು ನ್ಯಾಯಾಲಯಕ್ಕೂ ತೋರಿಸಬಾರದು ಎಂದು ಹೇಳುತ್ತಿದ್ದ ಪ್ರಕರಣ ಅದು. ಕಾಯ್ದೆ ಉಳಿಯಿತು, ಬಾಯಿಗೆ ಹಾಕಿದ ಬೀಗ ಮಾತ್ರ ಹೋಯಿತು ಎನ್ನಬಹುದು.

ಮುಂದಿನ ವರ್ಷಗಳಲ್ಲಿ ನ್ಯಾಯಾಲಯಗಳು ಈ ಬೇಲಿಯನ್ನು ಒಂದೊಂದಾಗಿ ಬಿಗಿ ಮಾಡಿದವು. ಎರಡು ಉದಾಹರಣೆ ಸಾಕು. ನಾಗಪುರದ ಜಿಲ್ಲಾ ದಂಡಾಧಿಕಾರಿಗಳು ಹರಿಕಿಷನ್ ಎಂಬುವರನ್ನು ಬಂಧನದಲ್ಲಿಟ್ಟು ಆಧಾರಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅವರಿಗೆ ಇಂಗ್ಲಿಷ್ ಬಾರದು. ಹಿಂದಿಯಲ್ಲಿ ಕೊಡಿ ಎಂದು ಕೇಳಿದರು. ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದ್ದಾರೆ, ಅಷ್ಟು ಸಾಕು ಎಂದಿತು ಸರ್ಕಾರ. ಸಾಲದು ಎಂದಿತು 1962ರಲ್ಲಿ ಸರ್ವೋಚ್ಚ ನ್ಯಾಯಾಲಯ. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಕಾರಣ ಕಾರಣವೇ ಅಲ್ಲ. ಅದಕ್ಕೆ ಆತ ಉತ್ತರ ಬರೆಯುವುದಾದರೂ ಹೇಗೆ? ಅವರನ್ನು ಬಿಡುಗಡೆ ಮಾಡಲಾಯಿತು. ಕನ್ನಡ ಮಾತ್ರ ಬಲ್ಲ ಒಬ್ಬ ರೈತನಿಗೆ, ಒಬ್ಬ ಕೂಲಿಗಾರನಿಗೆ ಈ ತೀರ್ಪಿನ ಬೆಲೆ ಎಷ್ಟೆಂದು ನೀವೇ ಯೋಚಿಸಿ.

ಎರಡನೆಯದು ಸಮಾಜವಾದಿ ನಾಯಕ ಡಾ. ರಾಮಮನೋಹರ ಲೋಹಿಯಾ ಅವರ ಮೊಕದ್ದಮೆ. 1965ರಲ್ಲಿ ಬಿಹಾರದಲ್ಲಿ ಅವರನ್ನು ಬಂಧಿಸಿದ ಆದೇಶದಲ್ಲಿ ಕಾನೂನು ಮತ್ತು ಶಿಸ್ತಿನ ಪಾಲನೆಗಾಗಿ ಎಂದು ಬರೆದಿತ್ತು. ಕಾನೂನು ಕೊಟ್ಟಿದ್ದ ಅಧಿಕಾರವಾದರೋ ಸಾರ್ವಜನಿಕ ಸುವ್ಯವಸ್ಥೆಯ ಪಾಲನೆಗೆ. ಎರಡೂ ಒಂದೇ ಅಲ್ಲವೇ ಎಂದು ನಿಮಗೆ ಅನ್ನಿಸಬಹುದು. ಅಲ್ಲ ಎಂದರು ನ್ಯಾಯಮೂರ್ತಿ ಹಿದಾಯತುಲ್ಲಾ. ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ. ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಶಿಸ್ತು. ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ. ಎಲ್ಲಕ್ಕಿಂತ ಒಳಗೆ ರಾಷ್ಟ್ರದ ಭದ್ರತೆ. ಸಂತೆಯಲ್ಲಿ ಇಬ್ಬರು ಕುಡಿದು ಹೊಡೆದಾಡಿದರೆ ಅದು ಹೊರವೃತ್ತದ ಮಾತು. ಅದಕ್ಕೆ ಸಾಮಾನ್ಯ ಪೊಲೀಸ್ ಕಾನೂನು ಸಾಕು. ಇಡೀ ಊರಿನ ಬದುಕು ಕದಡಿದಾಗ ಮಾತ್ರ ಒಳವೃತ್ತ. ದೊಡ್ಡ ಅಧಿಕಾರವನ್ನು ಸಣ್ಣ ಕೆಲಸಕ್ಕೆ ಬಳಸಬಾರದು ಎಂಬುದು ಇದರ ಸಾರ.

ಹೀಗೆ ಬಿಗಿಯಾಗುತ್ತ ಬಂದ ಬೇಲಿ 1975ರಲ್ಲಿ ಒಂದೇ ಪೆಟ್ಟಿಗೆ ಬಿದ್ದುಹೋಯಿತು. ಆ ವರ್ಷದ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ಆಂತರಿಕ ಕ್ಷೋಭೆಯ ಕಾರಣ ಕೊಟ್ಟು ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಮಂತ್ರಿಮಂಡಲಕ್ಕೆ ಸುದ್ದಿ ತಿಳಿದು ಅದು ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಬಂಧನಗಳು ಆರಂಭವಾಗಿದ್ದವು. ಸಂಸತ್ತಿನ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಅವರನ್ನು ಇಲ್ಲಿಯೇ ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಬಳಸಿದ ಕಾನೂನು 1971ರ ಆಂತರಿಕ ಭದ್ರತಾ ಪಾಲನಾ ಕಾಯ್ದೆ. ಜನರ ಬಾಯಲ್ಲಿ ಮೀಸಾ.

ಜೂನ್ 27ರಂದು ರಾಷ್ಟ್ರಪತಿಗಳು 359ನೆಯ ವಿಧಿಯ ಮೇರೆಗೆ ಒಂದು ಆದೇಶ ಹೊರಡಿಸಿದರು. 14, 21 ಮತ್ತು 22ನೆಯ ವಿಧಿಗಳ ಹಕ್ಕುಗಳಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ ಎಂಬುದು ಅದರ ತಾತ್ಪರ್ಯ. ಎರಡು ದಿನಗಳ ನಂತರ ಸುಗ್ರೀವಾಜ್ಞೆಯ ಮೂಲಕ ಮೀಸಾ ಕಾಯ್ದೆಗೆ 16ಎ ಎಂಬ ಪ್ರಕರಣವನ್ನು ಸೇರಿಸಲಾಯಿತು. ತುರ್ತು ಪರಿಸ್ಥಿತಿಯನ್ನು ಎದುರಿಸಲು ಅಗತ್ಯವೆಂದು ಘೋಷಿಸಿಬಿಟ್ಟರೆ ಬಂಧಿತನಿಗೆ ಕಾರಣವನ್ನೇ ತಿಳಿಸಬೇಕಾಗಿಲ್ಲ. ಕಾರಣ ಹೇಳುವ ಹೊಣೆ ಹೋಯಿತು; ಕೇಳುವ ಬಾಗಿಲೂ ಮುಚ್ಚಿತು.

ಆದರೂ ಜನರು ಕೇಳಿದರು. ಹೇಗೆ ಕೇಳಿದರು ಎಂಬುದನ್ನು ತಿಳಿಯಲು ಹೇಬಿಯಸ್ ಕಾರ್ಪಸ್ ಎಂಬ ರಿಟ್ಟಿನ ಪರಿಚಯ ಬೇಕು. ಇಂಗ್ಲೆಂಡಿನಲ್ಲಿ ಬೆಳೆದುಬಂದ ಈ ಆಜ್ಞೆಗೆ ಅಲ್ಲಿನ ಪಾರ್ಲಿಮೆಂಟು 1679ರಲ್ಲಿ ಒಂದು ಶಾಸನದ ಬಲವನ್ನೂ ಕೊಟ್ಟಿತು. ನಮ್ಮಲ್ಲಿ ಇದನ್ನು ಬಂದೀ ಪ್ರತ್ಯಕ್ಷೀಕರಣ ಎಂದು ಅನುವಾದಿಸಿದ್ದಾರೆ. ಹೆಸರು ಭಾರವಾದರೂ ಅರ್ಥ ಹಗುರ: ನೀನು ಹಿಡಿದಿಟ್ಟಿರುವ ವ್ಯಕ್ತಿಯನ್ನು ನನ್ನ ಮುಂದೆ ತಂದು ನಿಲ್ಲಿಸು, ಯಾವ ಕಾನೂನಿನ ಮೇರೆಗೆ ಹಿಡಿದೆ ಎಂದು ಹೇಳು. ಆರಂಭದಲ್ಲಿ ಹೇಳಿದ ಆ ತಾಯಿಯ ಪ್ರಶ್ನೆಯನ್ನೇ ಇಲ್ಲಿ ನ್ಯಾಯಾಧೀಶರು ಕೇಳುತ್ತಾರೆ. ಸಂವಿಧಾನದ 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯಕ್ಕೂ 226ನೆಯ ವಿಧಿಯಂತೆ ಉಚ್ಚ ನ್ಯಾಯಾಲಯಗಳಿಗೂ ಈ ಅಧಿಕಾರವಿದೆ.

ಬೆಂಗಳೂರಿನ ಜೈಲಿನಲ್ಲಿದ್ದ ನಾಯಕರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಇಂತಹ ಅರ್ಜಿಗಳನ್ನು ಸಲ್ಲಿಸಿದರು. ದೇಶದ ಬೇರೆ ಬೇರೆ ಕಡೆಗಳಲ್ಲಿಯೂ ಅರ್ಜಿಗಳು ಬಂದವು. ಸರ್ಕಾರ ಎಲ್ಲ ಕಡೆಯೂ ಒಂದೇ ವಾದ ಹೂಡಿತು: ರಾಷ್ಟ್ರಪತಿಗಳ ಆದೇಶ ಇರುವಾಗ ಈ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳುವಂತೆಯೇ ಇಲ್ಲ. ಕರ್ನಾಟಕವೂ ಸೇರಿ 9 ಉಚ್ಚ ನ್ಯಾಯಾಲಯಗಳು ಈ ವಾದವನ್ನು ಒಪ್ಪಲಿಲ್ಲ. ಬಂಧನದ ಆದೇಶ ಆ ಕಾಯ್ದೆಗೆ ಅನುಗುಣವಾಗಿದೆಯೇ, ದುರುದ್ದೇಶದಿಂದ ಕೂಡಿದೆಯೇ ಎಂಬುದನ್ನಾದರೂ ನೋಡಬಹುದು ಎಂದವು. ಆ ಕಾಲದಲ್ಲಿ ಹಾಗೆ ಹೇಳುವುದು ಸುಲಭವಾಗಿರಲಿಲ್ಲ. 1976ರಲ್ಲಿ 16 ಮಂದಿ ಉಚ್ಚ ನ್ಯಾಯಾಲಯ ನ್ಯಾಯಮೂರ್ತಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸಲಾಯಿತು. ಅವರಲ್ಲಿ ಕರ್ನಾಟಕದ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅವರೂ ಒಬ್ಬರು. ಅವರು ಅಲಹಾಬಾದಿಗೆ ಹೋಗಬೇಕಾಯಿತು. ಮುಂದೆ ಅವರೇ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾದರು.

ಉಚ್ಚ ನ್ಯಾಯಾಲಯಗಳ ಈ ತೀರ್ಪುಗಳ ವಿರುದ್ಧ ಸರ್ಕಾರಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಎಲ್ಲವನ್ನೂ ಒಟ್ಟಿಗೆ ಐವರು ನ್ಯಾಯಮೂರ್ತಿಗಳ ಪೀಠ ಕೇಳಿತು. ಜಬಲ್‌ಪುರದ ಅಪರ ಜಿಲ್ಲಾ ದಂಡಾಧಿಕಾರಿ ವಿರುದ್ಧ ಶಿವಕಾಂತ ಶುಕ್ಲ ಎಂಬುದು ಮೊಕದ್ದಮೆಯ ಹೆಸರು. ಬೆಂಗಳೂರಿನಿಂದ ಹೋದ ಮೇಲ್ಮನವಿಗಳೂ ಅದರಲ್ಲಿ ಸೇರಿದ್ದವು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಹಂಸರಾಜ ಖನ್ನಾ ಅವರು ಅಟಾರ್ನಿ ಜನರಲ್ ನೀರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. 21ನೆಯ ವಿಧಿ ಸ್ವಾತಂತ್ರ್ಯವನ್ನಷ್ಟೇ ಅಲ್ಲ, ಜೀವವನ್ನೂ ರಕ್ಷಿಸುತ್ತದೆ. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತಮ್ಮ ವಾದ ಸರಿಯಾದರೆ ತುರ್ತು ಪರಿಸ್ಥಿತಿ ಇರುವ ತನಕ ಪರಿಹಾರವಿಲ್ಲ ಎಂದೇ ಅಟಾರ್ನಿ ಜನರಲ್ ಉತ್ತರಿಸಬೇಕಾಯಿತು. ಮಿತ್ರರೇ, ಒಂದು ತತ್ತ್ವವನ್ನು ಅದರ ಕೊನೆಯವರೆಗೆ ಎಳೆದು ನೋಡಿದಾಗಲೇ ಅದರ ನಿಜವಾದ ಮುಖ ಕಾಣುವುದು. ಆ ಒಂದು ಪ್ರಶ್ನೆಯಿಂದ ಅದು ಕಂಡಿತು.

1976ರ ಏಪ್ರಿಲ್ 28ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ನ್ಯಾಯಮೂರ್ತಿಗಳಾದ ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್ ಮತ್ತು ಪಿ. ಎನ್. ಭಗವತಿ, ಈ ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು. ಆದೇಶ ಕಾಯ್ದೆಗೆ ವಿರುದ್ಧವಾಗಿರಲಿ, ದುರುದ್ದೇಶದಿಂದ ಕೂಡಿರಲಿ, ಬಂಧಿತನು ಉಚ್ಚ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು 21ನೆಯ ವಿಧಿ ಕೊಟ್ಟ ದಾನವಲ್ಲ. ಸಂವಿಧಾನ ಬರುವುದಕ್ಕಿಂತ ಮೊದಲೂ ಕಾನೂನಿನ ಬೆಂಬಲವಿಲ್ಲದೆ ಯಾರನ್ನೂ ಸೆರೆಯಲ್ಲಿಡುವ ಅಧಿಕಾರ ಸರ್ಕಾರಕ್ಕೆ ಇರಲಿಲ್ಲ. ವಿಧಿ ಅಮಾನತಾದ ಮಾತ್ರಕ್ಕೆ ಅಂತಹ ಅಧಿಕಾರ ಹುಟ್ಟಿಕೊಳ್ಳುವುದೂ ಇಲ್ಲ. ಇದು ಅವರ ನಿಲುವು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತೆರವಾದಾಗ ಹಿರಿತನದಲ್ಲಿ ಮುಂದಿದ್ದ ಖನ್ನಾ ಅವರನ್ನು ಬಿಟ್ಟು ಬೇಗ್ ಅವರನ್ನು ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು.

ಪ್ರಶ್ನೆ ಕೇಳುವ ಬಾಗಿಲು ಮುಚ್ಚಿದಾಗ ಜೈಲಿನ ಒಳಗೆ ಏನಾಗುತ್ತದೆ? ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ಲೆಕ್ಕದಂತೆ ಮೀಸಾ ಕಾಯ್ದೆಯಲ್ಲಿ 34,988 ಮಂದಿಯನ್ನೂ ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿಯನ್ನೂ ಬಂಧಿಸಲಾಗಿತ್ತು. ಸಂಖ್ಯೆಗಳು ಮನಸ್ಸಿಗೆ ಬೇಗ ಇಳಿಯುವುದಿಲ್ಲ. ಇಬ್ಬರನ್ನು ನೆನೆಯೋಣ.

ಕನ್ನಡದ ಸಂಸ್ಕಾರ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಿನಲ್ಲಿ ಬಂಧಿಸಲಾಯಿತು. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧವಾಗಿ ಅವರ ಮೇಲೆ ಸಂಶಯವಿತ್ತು. ಆದರೆ ಆ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರಿನ ಜೈಲಿನಲ್ಲಿ ಅವರ ಸೆರೆ ಮುಂದುವರಿಯಿತು. ಅವರಿಗೆ ತೀವ್ರ ಅಸ್ತಮಾ ಇತ್ತು. ಆರೋಗ್ಯ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಅವರ ಮೇಲಿನ ಸಂಶಯ ಸರಿಯೋ ತಪ್ಪೋ ಎಂದು ಯಾವ ನ್ಯಾಯಾಲಯವೂ ಪರೀಕ್ಷಿಸಲಿಲ್ಲ. ಆ ಹಳೆಯ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಬೆಂಗಳೂರಿಗೆ ಹೋದಾಗ ಆ ಗೋಡೆಗಳನ್ನು ಒಮ್ಮೆ ನೋಡಿಬನ್ನಿ.

ಇನ್ನೊಬ್ಬ ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿ. ಹೆಸರು ಪಿ. ರಾಜನ್, ಕೇರಳದ ಕ್ಯಾಲಿಕಟ್ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ. 1976ರ ಮಾರ್ಚ್ 1ರಂದು ಪೊಲೀಸರು ಅವನನ್ನು ಹಿಡಿದೊಯ್ದರು. ತಂದೆ ಈಚರ ವಾರಿಯರ್ ನಿವೃತ್ತ ಹಿಂದಿ ಪ್ರಾಧ್ಯಾಪಕರು. ಅಧಿಕಾರಿಗಳ ಬಾಗಿಲಿಗೂ ಮಂತ್ರಿಗಳ ಬಾಗಿಲಿಗೂ ಅಲೆದರು. ಪತ್ರದ ಮೇಲೆ ಪತ್ರ ಬರೆದರು. ಉತ್ತರ ಬರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಕೂಡಲೇ, 1977ರ ಮಾರ್ಚಿನಲ್ಲಿ, ಅವರು ಕೇರಳ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ರಾಜನ್‌ನನ್ನು ಬಂಧಿಸಿಯೇ ಇಲ್ಲ ಎಂದಿತು ಸರ್ಕಾರ. ಸಹಪಾಠಿಗಳು, ಅಧ್ಯಾಪಕರು ಬಂದು ಸಾಕ್ಷಿ ಹೇಳಿದರು. ಪೊಲೀಸರು ಅವನನ್ನು ಒಯ್ದದ್ದು ನಿಜವೆಂದು ನ್ಯಾಯಾಲಯ ತೀರ್ಮಾನಿಸಿ, ಅವನನ್ನು ಹಾಜರುಪಡಿಸಿ ಎಂದಿತು. ಹಾಜರುಪಡಿಸಲು ರಾಜನ್ ಬದುಕಿರಲಿಲ್ಲ. ಪೊಲೀಸರ ವಶದಲ್ಲಿಯೇ ಅವನು ಸತ್ತದ್ದು ಹೊರಬಂದಿತು, ಶವವೂ ಸಿಗಲಿಲ್ಲ. ಬಂಧನದ ಕಾಲದಲ್ಲಿ ಗೃಹಮಂತ್ರಿಯಾಗಿದ್ದು ಆಗ ತಾನೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಏಪ್ರಿಲಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಗಮನಿಸಿ: ಒಂದು ವರ್ಷ ಕಾಲ ಯಾವ ಬಾಗಿಲು ತಟ್ಟಿದರೂ ಹೊರಬಾರದ ಸತ್ಯ, ನ್ಯಾಯಾಲಯ ಪ್ರಶ್ನೆ ಕೇಳಿದ ಕೆಲವೇ ವಾರಗಳಲ್ಲಿ ಹೊರಬಂತು. ಆ ಪ್ರಶ್ನೆಯನ್ನು ಒಂದು ವರ್ಷ ಮೊದಲೇ ಕೇಳುವಂತಿದ್ದರೆ?

ದೇಶ ಈ ಪಾಠವನ್ನು ಕಲಿಯಿತೇ? ಕೆಲವು ಮಟ್ಟಿಗೆ ಕಲಿಯಿತು. ಮೀಸಾ ಕಾಯ್ದೆ ರದ್ದಾಯಿತು. 1978ರ 44ನೆಯ ತಿದ್ದುಪಡಿ ಆಂತರಿಕ ಕ್ಷೋಭೆ ಎಂಬ ಸಡಿಲ ಪದವನ್ನು ತೆಗೆದು ಸಶಸ್ತ್ರ ಬಂಡಾಯ ಎಂದು ಬರೆಯಿತು. ತುರ್ತು ಪರಿಸ್ಥಿತಿ ಘೋಷಿಸಲು ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಇರಬೇಕೆಂದಿತು. ಎಲ್ಲಕ್ಕಿಂತ ಮುಖ್ಯವಾಗಿ, 20 ಮತ್ತು 21ನೆಯ ವಿಧಿಗಳ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡುವಂತಿಲ್ಲ ಎಂದಿತು. ಅದೇ ವರ್ಷ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕಾನೂನು ಹೇಳುವ ಕ್ರಮ ನ್ಯಾಯಯುತವಾಗಿಯೂ ಇರಬೇಕು, ಮನಬಂದಂತೆ ಇರಬಾರದು ಎಂದು ತೀರ್ಪು ಕೊಟ್ಟಿತು. ಜಬಲ್‌ಪುರ ತೀರ್ಪನ್ನು ಒಪ್ಪಿ ಬರೆದಿದ್ದ ನ್ಯಾಯಮೂರ್ತಿ ಭಗವತಿಯವರು 2011ರಲ್ಲಿ ಅದು ತಪ್ಪಾಗಿತ್ತೆಂದು ಬಹಿರಂಗವಾಗಿ ವಿಷಾದಿಸಿದರು. ಕೊನೆಗೆ 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್‌ಪುರ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಳೆಯ ತೀರ್ಪು ತಪ್ಪೆಂದು ಬರೆದವರು ಡಿ. ವೈ. ಚಂದ್ರಚೂಡ್, ಜಬಲ್‌ಪುರ ಪೀಠದಲ್ಲಿದ್ದ ವೈ. ವಿ. ಚಂದ್ರಚೂಡರ ಮಗ. ತಪ್ಪನ್ನು ತಿದ್ದಲು 41 ವರ್ಷ ಬೇಕಾಯಿತು.

ಇಂಗ್ಲೆಂಡಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಲಿವರ್‌ಸಿಡ್ಜ್ ಎಂಬುವರ ಬಂಧನದ ಕಾರಣವನ್ನು ಗೃಹಮಂತ್ರಿ ಹೇಳಬೇಕಾಗಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಮಾನಿಸಿತು. ಲಾರ್ಡ್ ಆಟ್ಕಿನ್ ಒಬ್ಬರೇ ವಿರೋಧಿಸಿದರು. 1979ರಲ್ಲಿ ಅದೇ ಪೀಠ, ಅಂದು ಬಹುಮತದವರು ತಪ್ಪಿದ್ದರು, ಆಟ್ಕಿನ್ ಸರಿಯಿದ್ದರು ಎಂದು ಒಪ್ಪಿತು. ಭಯದ ದಿನಗಳಲ್ಲಿ ದೊಡ್ಡ ನ್ಯಾಯಾಲಯಗಳೂ ಎಡವುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟು ಹೇಳಿದ ಮೇಲೆ ಇದೆಲ್ಲ ಮುಗಿದ ಕಥೆ ಎಂದು ನೀವು ಭಾವಿಸಬಾರದು. ಮುನ್ನೆಚ್ಚರಿಕೆಯ ಬಂಧನದ ಕಾನೂನುಗಳು ಈಗಲೂ ಇವೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯ ಮೇರೆಗೆ 12 ತಿಂಗಳವರೆಗೆ ಒಬ್ಬನನ್ನು ವಿಚಾರಣೆಯಿಲ್ಲದೆ ಇಡಬಹುದು. ಸಲಹಾ ಮಂಡಳಿಯ ಮುಂದೆ ವಕೀಲರ ಮೂಲಕ ವಾದಿಸುವ ಹಕ್ಕು ಅದರಲ್ಲಿ ಇಲ್ಲ. ಕರ್ನಾಟಕದಲ್ಲಿ ಜನರು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಯೂ ಇದೇ ಜಾತಿಯದು. 22ನೆಯ ವಿಧಿಯ 3 ತಿಂಗಳ ಅವಧಿಯನ್ನು 2 ತಿಂಗಳಿಗೆ ಇಳಿಸುವ ಅಂಶವೊಂದು 44ನೆಯ ತಿದ್ದುಪಡಿಯಲ್ಲಿಯೇ ಇತ್ತು. ಸಲಹಾ ಮಂಡಳಿಯನ್ನು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕೆಂದೂ ಅದು ಹೇಳುತ್ತಿತ್ತು. ಸಂಸತ್ತು ಒಪ್ಪಿದ ಈ ಅಂಶವನ್ನು ಜಾರಿಗೆ ತರಲು ಒಂದು ಅಧಿಸೂಚನೆ ಸಾಕಾಗಿತ್ತು. ಅಧಿಕಾರಕ್ಕೆ ಬಂದ ಯಾವ ಪಕ್ಷದ ಸರ್ಕಾರವೂ ಅದನ್ನು ಹೊರಡಿಸಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಕಹಿಯಾದ ಅಧಿಕಾರ ಗದ್ದುಗೆ ಏರಿದಾಗ ಅಷ್ಟು ಕಹಿಯಾಗಿ ತೋರುವುದಿಲ್ಲ.

ನಿಮ್ಮಲ್ಲಿ ಕೆಲವರು ಕೇಳಬಹುದು: ಬಾಂಬ್ ಇಡುವವನನ್ನು, ಕೋಮುಗಲಭೆ ಎಬ್ಬಿಸುವವನನ್ನು ಇಟ್ಟ ಮೇಲೆ, ಎಬ್ಬಿಸಿದ ಮೇಲೆಯೇ ಹಿಡಿಯಬೇಕೇ? ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಬಾಂಬ್ ತಯಾರಿಸುವುದು, ಅದಕ್ಕೆ ಸಂಚು ಹೂಡುವುದು, ಗಲಭೆಗೆ ಪ್ರಚೋದಿಸುವುದು ಇವೆಲ್ಲ ಸಾಮಾನ್ಯ ಕಾನೂನಿನಲ್ಲಿಯೇ ಅಪರಾಧಗಳು. ಆ ಆರೋಪದ ಮೇಲೆ ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸಬಹುದು. ಸಾಮಾನ್ಯ ಕಾನೂನು ಸಾಕಾಗುವ ಕಡೆ ಮುನ್ನೆಚ್ಚರಿಕೆಯ ಬಂಧನಕ್ಕೆ ಕೈಹಾಕುವುದು ಕಾನೂನುಬಾಹಿರ ಎಂದು ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದಕ್ಕೂ ಮೀರಿದ ಅಪರೂಪದ ಸಂದರ್ಭ ಬಂದರೆ ಬರಲಿ; ಆಗಲೂ ಕಾರಣ ಹೇಳುವುದರಿಂದ ಸರ್ಕಾರಕ್ಕೆ ಆಗುವ ನಷ್ಟವೇನು? ಕಾರಣ ಗಟ್ಟಿಯಾಗಿದ್ದರೆ ನ್ಯಾಯಾಧೀಶರ ಮುಂದೆ ಅದು ನಿಲ್ಲುತ್ತದೆ. ನಿಲ್ಲದ ಕಾರಣದ ಮೇಲೆ ಒಬ್ಬ ನಾಗರಿಕನನ್ನು ಜೈಲಿನಲ್ಲಿಡುವುದು ಭದ್ರತೆಯೂ ಅಲ್ಲ. ತಪ್ಪು ಮನುಷ್ಯ ಒಳಗಿದ್ದಾನೆಂದರೆ ನಿಜವಾದ ಅಪರಾಧಿ ಹೊರಗೆ ತಿರುಗುತ್ತಿದ್ದಾನೆಂದೇ ಅರ್ಥ.

ಕಾರ್ಯಾಂಗಕ್ಕೆ ಎಲ್ಲೆ ಹಾಕುವುದೆಂದರೆ ಅದರ ಕೈ ಕಟ್ಟುವುದಲ್ಲ. ಸರ್ಕಾರ ನಡೆಯಬೇಕಾದರೆ ಅದಕ್ಕೆ ಬಂಧಿಸುವ ಅಧಿಕಾರ ಬೇಕೇ ಬೇಕು. ಆದರೆ ಆ ಅಧಿಕಾರ ಬಳಸಿದ ಕೈ ತನ್ನದಲ್ಲದ ಇನ್ನೊಂದು ಕಟ್ಟೆಯ ಮುಂದೆ ನಿಂತು ಉತ್ತರ ಕೊಡಬೇಕು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ನೀವು ಪೌರನೀತಿಯ ಪುಸ್ತಕದಲ್ಲಿ ಓದುವ ಅಧಿಕಾರ ವಿಭಜನೆಯ ತಿರುಳು ಇಷ್ಟೇ. ಒಳ್ಳೆಯ ಅಧಿಕಾರಿ ಇದ್ದಾನೆ, ಒಳ್ಳೆಯ ಮಂತ್ರಿ ಇದ್ದಾನೆ ಎಂಬ ನಂಬಿಕೆಯ ಮೇಲೆ ಸ್ವಾತಂತ್ರ್ಯವನ್ನು ಕಟ್ಟಲಾಗದು. ಒಳ್ಳೆಯವರು ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಆದೇಶಕ್ಕೆ ಸಹಿ ಹಾಕುವ ಲೇಖನಿ ಮಾತ್ರ ಮೇಜಿನ ಮೇಲೆಯೇ ಇರುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳಾದ ನಿಮಗೆ ಎರಡು ಮಾತು. ಸಂವಿಧಾನದ 21 ಮತ್ತು 22ನೆಯ ವಿಧಿಗಳನ್ನು ಕನ್ನಡದಲ್ಲಿಯೇ ಒಮ್ಮೆ ಓದಿರಿ. ಎರಡೂ ಸೇರಿ ಎರಡು ಪುಟ ಆಗಲಾರದು. ಹಾಗೆಯೇ, ಯಾರನ್ನಾದರೂ ವಿಚಾರಣೆಯಿಲ್ಲದೆ ಹಿಡಿದಿಟ್ಟ ಸುದ್ದಿ ಓದಿದಾಗ, ಆತ ನಮ್ಮ ಜಾತಿಯವನೋ, ನಮ್ಮ ಪಕ್ಷದವನೋ, ನಮಗೆ ಬೇಕಾದವನೋ ಎಂದು ಮೊದಲು ನೋಡಬೇಡಿ. ಯಾವ ಕಾನೂನಿನ ಮೇರೆಗೆ, ಏನು ಕಾರಣಕ್ಕೆ ಎಂದು ಮೊದಲು ಕೇಳಿ. ನಮಗೆ ಇಷ್ಟವಿಲ್ಲದವನ ಪರವಾಗಿ ಆ ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಇದ್ದರೆ ಮಾತ್ರ, ನಮ್ಮ ಸರದಿ ಬಂದಾಗ ಅದನ್ನು ಕೇಳುವವರು ಉಳಿದಿರುತ್ತಾರೆ.